ಬಟಾಣಿ ತೋಟದ ಧರ್ಮಗುರು ಗ್ರೆಗೋರ್ ಮೆಂಡೆಲ್

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರರಿಗೆ ಬೀಜದ ಗೋಟು ಆರಿಸುವ ಕೆಲಸ ಹೊಸದಲ್ಲ. ವರ್ಷವೂ ತಪ್ಪದೆ ಫಲ ಕೊಡುವ ಹಿರಿಯ ಮರವೊಂದನ್ನು ಗುರುತಿಟ್ಟುಕೊಂಡು, ಅದರ ಹಣ್ಣಡಿಕೆಯನ್ನೇ ಸಸಿಮಡಿಗೆ ಇಳಿಸುವುದು ಹಿರಿಯರಿಂದ ಬಂದ ವಾಡಿಕೆ. ಆದರೂ ಒಂದೇ ಗೊನೆಯ ಬೀಜದಿಂದ ಎದ್ದ ಸಸಿಗಳಲ್ಲಿ ಒಂದು ತಾಯಿಮರವನ್ನು ಹೋಲಿದರೆ ಇನ್ನೊಂದು ಹೋಲುವುದಿಲ್ಲ. ಮನುಷ್ಯರ ಮನೆಯಲ್ಲಿಯೂ ಹಾಗೆಯೇ. ಅಜ್ಜನ ಚಹರೆ ಮಗನಲ್ಲಿ ಕಾಣದೆ ಮೊಮ್ಮಗನಲ್ಲಿ ಮರಳಿ ಮೂಡುವುದುಂಟು. ಆ ಗುಣ ನಡುವೆ ಎಲ್ಲಿ ಅಡಗಿತ್ತು, ಹೇಗೆ ಹಿಂತಿರುಗಿತು ಎಂಬ ಒಗಟಿಗೆ ಲೆಕ್ಕಬದ್ಧವಾದ ಉತ್ತರ ಕೊಟ್ಟವರು ಒಬ್ಬ ಕಥೋಲಿಕ ಧರ್ಮಗುರು, ಗ್ರೆಗೋರ್ ಮೆಂಡೆಲ್.

ಮೆಂಡೆಲರ ಹೆಸರನ್ನು ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಓದದವರು ವಿರಳ. ಆದರೆ ಅವರು ರೋಗಿಗಳ ಹಾಸಿಗೆಯ ಬಳಿ ನಿಲ್ಲಲಾರದೆ ಸೋತು ಹಿಂತಿರುಗಿದ ಗುರುವೆಂಬುದಾಗಲಿ, ಅವರ ತೋಟದ ಲೆಕ್ಕವೇ ಇಂದು ಕ್ಯಾನ್ಸರ್ ಔಷಧಗಳ ಶೋಧಕ್ಕೆ ಆಧಾರವಾಗಿದೆಯೆಂಬುದಾಗಲಿ ಬಹಳ ಮಂದಿಗೆ ತಿಳಿಯದು. ಪೂರ್ವದ ಮೂವರು ಜ್ಞಾನಿಗಳು ಬಾಲಯೇಸುವಿನ ದರ್ಶನ ಪಡೆದುದನ್ನು ಸ್ಮರಿಸುವ ಜನವರಿ 6ರ ಹಬ್ಬದಂದೇ, 1884ರಲ್ಲಿ, ಅವರು ಈ ಲೋಕವನ್ನು ಬಿಟ್ಟರು. ಅವರ ಬದುಕನ್ನು ಇಲ್ಲಿ ಸಂಕ್ಷೇಪವಾಗಿ ನೆನೆಯೋಣ.

ಮೆಂಡೆಲರು ಹುಟ್ಟಿದ್ದು 1822ರ ಜುಲೈ ತಿಂಗಳಲ್ಲಿ, ಅಂದಿನ ಆಸ್ಟ್ರಿಯ ಸಾಮ್ರಾಜ್ಯಕ್ಕೆ ಸೇರಿದ್ದ ಹೈನ್ಜೆನ್‌ಡಾರ್ಫ್ ಎಂಬ ಹಳ್ಳಿಯಲ್ಲಿ. ಆ ಊರು ಈಗ ಚೆಕ್ ಗಣರಾಜ್ಯದಲ್ಲಿದ್ದು ಹಿಂಚಿತ್ಸೆ ಎಂದು ಕರೆಯಲ್ಪಡುತ್ತದೆ. ಅವರಿಗೆ ಇಟ್ಟ ಹೆಸರು ಯೋಹಾನ್. ತಂದೆ ಆಂಟನ್ ಸಾಮಾನ್ಯ ರೈತ. ಸ್ವಂತ ಹೊಲದ ದುಡಿಮೆಯ ಜೊತೆಗೆ ಜಮೀನ್ದಾರನಿಗೂ ಬಿಟ್ಟಿ ಚಾಕರಿ ಮಾಡಬೇಕಾಗಿದ್ದ ಕಾಲವದು. 1838ರಲ್ಲಿ ಅಂಥ ಚಾಕರಿಯ ವೇಳೆ ಮರದ ದಿಮ್ಮಿಯೊಂದು ಮೇಲೆ ಬಿದ್ದು ಆಂಟನ್ ಶಾಶ್ವತವಾಗಿ ದುರ್ಬಲರಾದರು. ಒಬ್ಬನೇ ಮಗ ಓದು ಬಿಟ್ಟು ನೇಗಿಲು ಹಿಡಿಯಬೇಕಾದ ಪರಿಸ್ಥಿತಿ ಒದಗಿತು. ಆಗ ತಂಗಿ ತೆರೇಸಿಯ ತನ್ನ ಮದುವೆಗೆಂದು ಮೀಸಲಾಗಿದ್ದ ಹಣದ ಒಂದು ಪಾಲನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು. ಆ ಉಪಕಾರವನ್ನು ಮೆಂಡೆಲರು ಮರೆಯಲಿಲ್ಲ. ಮುಂದೆ ಅವಳ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸಕ್ಕೆ ತಾವೇ ಆಸರೆಯಾದರು. ಅವರಲ್ಲಿ ಇಬ್ಬರು ವೈದ್ಯರಾದರು.

ಓಲೊಮೌಟ್ಸ್ ನಗರದಲ್ಲಿ ತತ್ವಶಾಸ್ತ್ರದ ವ್ಯಾಸಂಗ ಮುಗಿಸುವಷ್ಟರಲ್ಲಿ ಯುವಕ ಮೆಂಡೆಲ್ ಬಡತನದಿಂದಲೂ ಅನಾರೋಗ್ಯದಿಂದಲೂ ಬಳಲಿಹೋಗಿದ್ದರು. ಭೌತಶಾಸ್ತ್ರದ ಗುರುಗಳ ಶಿಫಾರಸಿನ ಮೇರೆಗೆ 1843ರ ಅಕ್ಟೋಬರ್‌ನಲ್ಲಿ ಬ್ರನೋ ನಗರದ ಸಂತ ತೋಮಸರ ಮಠವನ್ನು ಸೇರಿ, ಸಂತ ಅಗುಸ್ತಿನರ ಸಭೆಯ ಸನ್ಯಾಸಿಯಾಗಿ ಗ್ರೆಗೋರ್ ಎಂಬ ಹೆಸರನ್ನು ಪಡೆದರು. ಆ ಮಠದಲ್ಲಿ ಪ್ರಾರ್ಥನೆಯೊಂದಿಗೆ ವಿದ್ಯೆಗೂ ಹಿರಿದಾದ ಸ್ಥಾನವಿತ್ತು. ಮಠಾಧಿಪತಿ ಸಿರಿಲ್ ನಾಪ್ ಅವರಿಗೆ ಕೃಷಿ ಮತ್ತು ಕುರಿ ಸಾಕಣೆಯಲ್ಲಿ ಆಳವಾದ ಆಸಕ್ತಿ. ತಂದೆತಾಯಿಯ ಗುಣ ಮರಿಗೆ ಹೇಗೆ ಬರುತ್ತದೆಂಬ ಪ್ರಶ್ನೆ ಮೆಂಡೆಲರು ಅಲ್ಲಿಗೆ ಕಾಲಿಡುವ ಮೊದಲೇ ಆ ಮಠದಲ್ಲಿ ಚರ್ಚೆಗೆ ಬಂದಿತ್ತು.

1847ರ ಆಗಸ್ಟ್‌ನಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಹೊಸ ಗುರುವಿಗೆ ವಿಚಾರಣೆಯ ಕೆಲಸವನ್ನು ವಹಿಸಲಾಯಿತು. ರೋಗಿಗಳನ್ನು ಸಂದರ್ಶಿಸಿ ಸಂತೈಸುವುದು, ಮರಣಶಯ್ಯೆಯಲ್ಲಿರುವವರಿಗೆ ಸಂಸ್ಕಾರಗಳನ್ನು ನೀಡುವುದು ಆ ಕೆಲಸದ ಮುಖ್ಯ ಭಾಗ. ಆದರೆ ಮೆಂಡೆಲರ ಮನಸ್ಸು ಅದಕ್ಕೆ ಒಗ್ಗಲಿಲ್ಲ. ನರಳುವವರನ್ನು ಕಂಡು ಅವರು ಎಷ್ಟು ಕಂಗೆಡುತ್ತಿದ್ದರೆಂದರೆ ಸ್ವತಃ ಹಾಸಿಗೆ ಹಿಡಿಯುವಂತಾಯಿತು. ಧರ್ಮಗುರುವಿನ ಪಾಲಿಗೆ ಇದಕ್ಕಿಂತ ನಾಚಿಕೆಯ ಸೋಲು ಇನ್ನಾವುದಿದ್ದೀತು? ನಾಪ್ ಅವರು ಮಾತ್ರ ಈ ಸೋಲನ್ನು ದೂಷಿಸದೆ, ಅವರನ್ನು ಆ ಹೊಣೆಯಿಂದ ಬಿಡಿಸಿ, 1849ರಲ್ಲಿ ಜ್ನೊಯ್ಮೊ ಎಂಬ ಊರಿಗೆ ಹಂಗಾಮಿ ಶಿಕ್ಷಕರಾಗಿ ಕಳುಹಿಸಿಕೊಟ್ಟರು.

ಪಾಠ ಹೇಳುವುದರಲ್ಲಿ ಮೆಂಡೆಲರು ಒಳ್ಳೆಯ ಹೆಸರು ಪಡೆದರು. ಆದರೆ 1850ರಲ್ಲಿ ಕಾಯಂ ಶಿಕ್ಷಕರ ಅರ್ಹತಾ ಪರೀಕ್ಷೆಗೆ ಕುಳಿತಾಗ ಅನುತ್ತೀರ್ಣರಾದರು. ಕೊರತೆ ಕಂಡುಬಂದದ್ದು ಪ್ರಕೃತಿ ವಿಜ್ಞಾನದಲ್ಲಿಯೇ ಎಂಬುದು ವಿಧಿಯ ವಿನೋದ. ಮಠವು ಅವರನ್ನು 1851ರಿಂದ 1853ರವರೆಗೆ ವಿಯೆನ್ನ ವಿಶ್ವವಿದ್ಯಾನಿಲಯದಲ್ಲಿ ಓದಿಸಿತು. ಅಲ್ಲಿ ಕ್ರಿಸ್ಟಿಯನ್ ಡಾಪ್ಲರ್ ಅವರಿಂದ ಭೌತಶಾಸ್ತ್ರದ ಪ್ರಯೋಗ ವಿಧಾನವನ್ನು, ಎಟಿಂಗ್ಸ್‌ಹೌಸೆನ್ ಅವರಿಂದ ಗಣಿತವನ್ನು, ಫ್ರಾನ್ಜ್ ಉಂಗರ್ ಅವರಿಂದ ಸಸ್ಯಶಾಸ್ತ್ರವನ್ನು ಕಲಿತರು. 1856ರಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಹೋದವರು ಅನಾರೋಗ್ಯದಿಂದ ಹಿಂತಿರುಗಿದರು. ಹೀಗಾಗಿ ಬ್ರನೋ ನಗರದ ಶಾಲೆಯಲ್ಲಿ 1854ರಿಂದ 1868ರವರೆಗೆ ಹದಿನಾಲ್ಕು ವರ್ಷ ದುಡಿದರೂ ಅವರು ಹಂಗಾಮಿ ಶಿಕ್ಷಕರಾಗಿಯೇ ಉಳಿದರು.

ಆ ಪರೀಕ್ಷೆಯಲ್ಲಿ ಸೋತ 1856ನೇ ವರ್ಷದಲ್ಲಿಯೇ ಮಠದ ಹಿತ್ತಿಲಿನಲ್ಲಿ ಬಟಾಣಿಯ ಪ್ರಯೋಗ ಆರಂಭವಾಯಿತು. ತೋಟವೆಂದರೆ 35 ಮೀಟರ್ ಉದ್ದ, 7 ಮೀಟರ್ ಅಗಲದ ಒಂದು ಪಟ್ಟಿ, ಅಷ್ಟೇ. ಮೆಂಡೆಲರು ಬೀಜ ವ್ಯಾಪಾರಿಗಳಿಂದ 34 ಬಗೆಯ ಬಟಾಣಿ ತರಿಸಿ, ಎರಡು ವರ್ಷ ಬೆಳೆದು ನೋಡಿ, ತಳಿ ಕೆಡದೆ ಒಂದೇ ಸಮನಾಗಿ ಬರುವ 22 ಬಗೆಗಳನ್ನು ಆರಿಸಿಕೊಂಡಿದ್ದರು. ಗಿಡದ ಎತ್ತರ, ಬೀಜದ ಆಕಾರ, ಬೀಜದ ಬಣ್ಣ ಮೊದಲಾದ ಏಳು ಗುಣಗಳನ್ನು ಮಾತ್ರ ಗಮನಕ್ಕೆ ತೆಗೆದುಕೊಂಡರು. ಹೂವು ಅರಳುವ ಮೊದಲೇ ಮೊಗ್ಗನ್ನು ಬಿಡಿಸಿ, ಅದರ ಕೇಸರಗಳನ್ನು ಚಿಮಟದಿಂದ ಕಿತ್ತು, ಮತ್ತೊಂದು ಗಿಡದ ಪರಾಗವನ್ನು ಸವರಿ, ಹೊರಗಿನ ಪರಾಗ ಸೇರದಂತೆ ಚೀಲ ಕಟ್ಟುವ ಕೆಲಸವನ್ನು ಒಂದೊಂದು ಹೂವಿಗೂ ಮಾಡಬೇಕು. ಎಂಟು ವರ್ಷಗಳಲ್ಲಿ ಅವರು ಬೆಳೆಸಿ ನೋಡಿದ ಗಿಡಗಳ ಸಂಖ್ಯೆ ಸುಮಾರು 28 ಸಾವಿರ.

ಹಳದಿ ಬೀಜದ ತಳಿಯನ್ನು ಹಸಿರು ಬೀಜದ ತಳಿಯೊಂದಿಗೆ ಕೂಡಿಸಿದಾಗ ಮೊದಲ ಪೀಳಿಗೆಯ ಬೀಜಗಳೆಲ್ಲ ಹಳದಿಯಾದವು. ಹಸಿರು ಅಳಿದುಹೋಯಿತೆಂದು ಯಾರಾದರೂ ಹೇಳುತ್ತಿದ್ದರು. ಆದರೆ ಆ ಬೀಜಗಳನ್ನು ಬಿತ್ತಿ ಬಂದ ಎರಡನೆಯ ಪೀಳಿಗೆಯಲ್ಲಿ 6022 ಹಳದಿ ಬೀಜಗಳ ನಡುವೆ 2001 ಹಸಿರು ಬೀಜಗಳು ಮರಳಿ ಬಂದವು. ಗುಂಡು ಮತ್ತು ಸುಕ್ಕು ಬೀಜಗಳ ಪ್ರಯೋಗದಲ್ಲಿ 5474 ಗುಂಡು, 1850 ಸುಕ್ಕು. ಯಾವ ಗುಣವನ್ನು ನೋಡಿದರೂ ಮೂರಕ್ಕೆ ಒಂದರ ಪ್ರಮಾಣ. ಇದರಿಂದ ಮೆಂಡೆಲರು ಕಂಡುಕೊಂಡ ಸತ್ಯವಿದು: ತಂದೆತಾಯಿಯ ಗುಣಗಳು ಹಾಲು ನೀರಿನಂತೆ ಬೆರೆತುಹೋಗುವುದಿಲ್ಲ. ಪ್ರತಿಯೊಂದು ಗುಣಕ್ಕೂ ಎರಡು ಕಾಳುಗಳಂಥ ಅಂಶಗಳಿರುತ್ತವೆ. ಒಂದು ತಂದೆಯದು, ಒಂದು ತಾಯಿಯದು. ಒಂದು ಮೇಲುಗೈ ಪಡೆದಾಗ ಇನ್ನೊಂದು ಮರೆಯಲ್ಲಿ ನಿಲ್ಲುತ್ತದೆಯೇ ಹೊರತು ಅಳಿಯುವುದಿಲ್ಲ. ಅವರು ಅಂಶವೆಂದು ಕರೆದುದನ್ನೇ ಇಂದು ನಾವು ವಂಶವಾಹಿ ಎನ್ನುತ್ತೇವೆ.

ಈ ಫಲಿತಾಂಶವನ್ನು 1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಬ್ರನೋದ ಪ್ರಕೃತಿ ವಿಜ್ಞಾನ ಸಂಘದ ಸಭೆಯಲ್ಲಿ ಅವರು ಓದಿದರು. ಮರುವರ್ಷ ಅದು ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಪ್ರಬಂಧದ 40 ಪ್ರತಿಗಳನ್ನು ಪಡೆದು ವಿದ್ವಾಂಸರಿಗೆ ಕಳುಹಿಸಿದರು. ಪ್ರತಿಕ್ರಿಯೆ ಬಹುತೇಕ ಶೂನ್ಯ. ಮ್ಯೂನಿಕ್‌ನ ಹೆಸರಾಂತ ಸಸ್ಯಶಾಸ್ತ್ರಜ್ಞ ನೇಗೆಲಿ ಪತ್ರ ವ್ಯವಹಾರ ನಡೆಸಿದರೂ ಮೆಂಡೆಲರ ಮಾತಿನ ಮಹತ್ವವನ್ನು ಗ್ರಹಿಸಲಿಲ್ಲ. ಅವರು ಒಲವು ತೋರಿದ ಹಾಕ್‌ವೀಡ್ ಎಂಬ ಗಿಡದ ಮೇಲೆ ಪ್ರಯೋಗ ಮಾಡಲು ಹೋಗಿ ಮೆಂಡೆಲರು ತಮ್ಮ ಕಣ್ಣಿನ ಆರೋಗ್ಯವನ್ನೂ ಕೆಡಿಸಿಕೊಂಡರು; ಬಟಾಣಿಯ ನಿಯಮ ಮಾತ್ರ ಅಲ್ಲಿ ಸಿಗಲಿಲ್ಲ. ಆ ಗಿಡ ಅನೇಕ ವೇಳೆ ಪರಾಗಸ್ಪರ್ಶವೇ ಇಲ್ಲದೆ ಬೀಜ ಕಟ್ಟುತ್ತದೆಂಬ ಸಂಗತಿ ಅಂದು ಯಾರಿಗೂ ತಿಳಿದಿರಲಿಲ್ಲ.

1868ರಲ್ಲಿ ಅವರು ಮಠಾಧಿಪತಿಯಾಗಿ ಆಯ್ಕೆಯಾದರು. ಆಡಳಿತದ ಹೊರೆ ಹೆಚ್ಚಿದಂತೆ ಪ್ರಯೋಗಗಳು ಕುಗ್ಗಿದವು. ಆದರೂ ಜೇನು ಸಾಕಣೆಯನ್ನೂ ಹವಾಮಾನದ ದಾಖಲೆಯನ್ನೂ ಬಿಡಲಿಲ್ಲ. ಮಠಗಳ ಮೇಲೆ ಸರ್ಕಾರ 1874ರಲ್ಲಿ ವಿಧಿಸಿದ ತೆರಿಗೆ ಅನ್ಯಾಯವೆಂದು ಭಾವಿಸಿ ಕೊನೆಯವರೆಗೂ ಹೋರಾಡಿದರು. ಆ ಹೋರಾಟದಲ್ಲಿ ಸ್ನೇಹಿತರು ದೂರವಾದರು, ಆರೋಗ್ಯ ಕುಸಿಯಿತು. ಮೂತ್ರಪಿಂಡದ ವ್ಯಾಧಿಯಿಂದ 61ನೆಯ ವಯಸ್ಸಿನಲ್ಲಿ ನಿಧನರಾದಾಗ ಅಂತ್ಯಕ್ರಿಯೆಯ ಪೂಜೆಗೆ ಸಂಗೀತ ನಡೆಸಿದವರು ಮುಂದೆ ಖ್ಯಾತನಾಮರಾದ ಲಿಯೋಶ್ ಯಾನಾಚೆಕ್. ನೆರೆದ ಜನರು ಗೌರವಾನ್ವಿತ ಮಠಾಧಿಪತಿಯೊಬ್ಬರನ್ನು ಕಳೆದುಕೊಂಡೆವೆಂದು ದುಃಖಿಸಿದರೇ ಹೊರತು, ವಿಜ್ಞಾನಿಯೊಬ್ಬರನ್ನು ಮಣ್ಣು ಮಾಡುತ್ತಿದ್ದೇವೆಂದು ಅರಿಯಲಿಲ್ಲ. ಅವರ ಟಿಪ್ಪಣಿಗಳಲ್ಲಿ ಬಹುಪಾಲು ಸುಟ್ಟುಹೋದವು.

ಹದಿನಾರು ವರ್ಷಗಳ ನಂತರ, 1900ರಲ್ಲಿ, ಹಾಲೆಂಡಿನ ದೆ ವ್ರೀಸ್, ಜರ್ಮನಿಯ ಕೊರೆನ್ಸ್, ಆಸ್ಟ್ರಿಯದ ಚೆರ್ಮಾಕ್ ಅವರ ಪ್ರಬಂಧಗಳು ಒಂದರ ಹಿಂದೊಂದು ಪ್ರಕಟವಾಗಿ ಮೆಂಡೆಲರ ನಿಯಮಗಳು ಮತ್ತೆ ಬೆಳಕಿಗೆ ಬಂದವು. ಅವರ ಸಂಖ್ಯೆಗಳು ಅತಿಯಾಗಿ ಅಚ್ಚುಕಟ್ಟಾಗಿವೆಯೆಂದು 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಷರ್ ಸಂಶಯ ಎತ್ತಿದ್ದುಂಟು. ಆ ಚರ್ಚೆ ಬಹುಕಾಲ ನಡೆಯಿತು. ಆದರೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಜೀವಿಗಳ ಮೇಲೆ ಪ್ರಯೋಗ ನಡೆದಾಗಲೂ ನಿಯಮ ನಿಂತಿತು. 1910ರಲ್ಲಿ ಅಮೆರಿಕದ ಥಾಮಸ್ ಹಂಟ್ ಮಾರ್ಗನ್ ಹಣ್ಣಿನ ನೊಣದಲ್ಲಿ ಬಿಳಿಗಣ್ಣಿನ ಗುಣವನ್ನು ಹಿಂಬಾಲಿಸಿ, ವಂಶವಾಹಿಗಳು ಜೀವಕೋಶದೊಳಗಿನ ವರ್ಣತಂತುಗಳ ಮೇಲಿರುವುದನ್ನು ತೋರಿಸಿಕೊಟ್ಟರು. ದೊಡ್ಡ ಪ್ರಶ್ನೆಗೆ ಚಿಕ್ಕ ಜೀವಿಯಲ್ಲಿ ಉತ್ತರ ಹುಡುಕುವ ಪದ್ಧತಿ ಹೀಗೆ ಬಟಾಣಿಯಿಂದ ನೊಣಕ್ಕೂ ನೊಣದಿಂದ ಯೀಸ್ಟಿಗೂ ಸಾಗಿತು.

ಇನ್ನು ಕ್ಯಾನ್ಸರಿನ ವಿಷಯಕ್ಕೆ ಬರೋಣ. ಈ ರೋಗದ ಹೆಸರು ನಮ್ಮ ಸೀಮೆಗೆ ದೂರದ್ದಲ್ಲ. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ಮರದ ತೊಗಟೆಯ ಔಷಧಕ್ಕಾಗಿ ನಾಡಿನ ನಾನಾ ಕಡೆಯ ರೋಗಿಗಳೂ ಅವರ ಬಂಧುಗಳೂ ವರ್ಷಗಟ್ಟಲೆ ಸರದಿ ನಿಂತುದನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿದ್ದಾರೆ. ಆ ನಂಬಿಕೆಯ ತೀರ್ಪು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ತೊಗಟೆಯೊಂದರಲ್ಲಿ ರೋಗ ನಿವಾರಕ ಗುಣವಿದೆಯೆಂದು ತಿಳಿಯುವುದು ಹೇಗೆ, ಆ ಗುಣ ದೇಹದಲ್ಲಿ ಎಲ್ಲಿ ಕೆಲಸ ಮಾಡುತ್ತದೆಂದು ಕಂಡುಹಿಡಿಯುವುದು ಹೇಗೆ ಎಂಬ ಪ್ರಶ್ನೆ ಆ ಸರದಿಯಲ್ಲಿ ನಿಂತ ಪ್ರತಿಯೊಬ್ಬನ ಪಾಲಿಗೂ ಜೀವನ್ಮರಣದ ಪ್ರಶ್ನೆ. ನಮ್ಮ ಪಶ್ಚಿಮ ಘಟ್ಟದ್ದೇ ಆದ ಒಂದು ಮರದ ಮಟ್ಟಿಗೆ ಈ ಪ್ರಶ್ನೆಗೆ ಖಚಿತವಾದ ಉತ್ತರ ದೊರೆತಿದೆ.

ಸಸ್ಯಶಾಸ್ತ್ರದಲ್ಲಿ ನೊಥಾಪೊಡೈಟಿಸ್ ನಿಮ್ಮೋನಿಯಾನ ಎನಿಸಿಕೊಂಡಿರುವ ಈ ಸಣ್ಣ ಮರದ ಹಳೆಯ ಶಾಸ್ತ್ರೀಯ ಹೆಸರು ಮಾಪಿಯ ಫೀಟಿಡ. ದುರ್ನಾತವೆಂಬ ಅರ್ಥ ಆ ಹೆಸರಿನಲ್ಲಿಯೇ ಇದೆ. 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದಲ್ಲಿ ಹುಟ್ಟಿದ ಮನ್ಸುಖ್ ವಾನಿ ಚೀನಾ ದೇಶದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದ್ದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಎಂಬ ಭಾರತೀಯ ರಸಾಯನ ವಿಜ್ಞಾನಿಗಳು ಅದೇ ವಸ್ತು ನಮ್ಮ ಈ ಮರದಲ್ಲಿಯೂ ಇದೆಯೆಂದು ಪ್ರಕಟಿಸಿದರು. ಆದರೆ ಅಷ್ಟರಲ್ಲಿ ರೋಗಿಗಳ ಮೇಲಿನ ಪ್ರಯೋಗಗಳು ನಿಂತುಹೋಗುವ ಹಂತಕ್ಕೆ ಬಂದಿದ್ದವು. ಔಷಧ ಗಡ್ಡೆಯನ್ನು ಕುಗ್ಗಿಸುವುದರ ಜೊತೆಗೆ ರೋಗಿಯನ್ನೂ ಕಂಗೆಡಿಸುತ್ತಿತ್ತು. ಅದು ದೇಹದಲ್ಲಿ ಯಾವುದಕ್ಕೆ ಪೆಟ್ಟು ಕೊಡುತ್ತದೆಂದು ತಿಳಿಯದೆ ಅದನ್ನು ತಿದ್ದುವ ದಾರಿಯೂ ಕಾಣಲಿಲ್ಲ.

1985ರಲ್ಲಿ ದಾರಿ ಕಂಡಿತು. ನಮ್ಮ ವಂಶವಾಹಿಗಳನ್ನು ಹೊತ್ತ ಡಿಎನ್‌ಎ ಎರಡು ಎಳೆಯ ಹುರಿ ಹಗ್ಗವಿದ್ದಂತೆ. ಜೀವಕೋಶ ಇಬ್ಭಾಗವಾಗುವ ಮೊದಲು ಹುರಿ ಬಿಚ್ಚಿ ನಕಲಾಗಬೇಕು. ಬಿಚ್ಚುವಾಗ ಮುಂದಿನ ಭಾಗ ಗಂಟುಗಟ್ಟುವಷ್ಟು ಬಿಗಿಯಾಗುತ್ತದೆ. ಆಗ ಟೊಪೊಐಸೊಮರೇಸ್ ಒಂದು ಎಂಬ ಕಿಣ್ವ ಒಂದು ಎಳೆಯನ್ನು ಕತ್ತರಿಸಿ, ಬಿಗಿ ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಹೋಗಿ ಸಿಕ್ಕಿಕೊಳ್ಳುವುದು ಕತ್ತರಿಸಿದ ನಂತರ, ಬೆಸೆಯುವ ಮೊದಲು. ನಕಲು ಮಾಡುತ್ತ ಬರುವ ಯಂತ್ರ ಅಲ್ಲಿಗೆ ಬಂದು ಮುಗ್ಗರಿಸಿದಾಗ ಹುರಿ ಪೂರ್ತಿ ತುಂಡಾಗಿ ಜೀವಕೋಶ ಸಾಯುತ್ತದೆ. ಬಿಡುವಿಲ್ಲದೆ ಇಬ್ಭಾಗವಾಗುವ ಕ್ಯಾನ್ಸರ್ ಕೋಶಗಳಿಗೆ ಇದರ ಪೆಟ್ಟು ಹೆಚ್ಚು.

ಆದರೆ ಔಷಧ ಕೊಲ್ಲುವುದು ಈ ಕಿಣ್ವದ ಮೂಲಕವೇ, ಬೇರೆ ದಾರಿಯಿಂದಲ್ಲ ಎನ್ನಲು ಪುರಾವೆ ಏನು? ಇಲ್ಲಿಯೇ ಮೆಂಡೆಲರ ರೀತಿ ನೆರವಿಗೆ ಬಂದದ್ದು. ಉಳಿದೆಲ್ಲವನ್ನೂ ಸಮನಾಗಿಟ್ಟು ಒಂದೇ ಒಂದು ಗುಣವನ್ನು ಬದಲಿಸಿ ನೋಡುವುದು ಆ ರೀತಿ. 1988ರಲ್ಲಿ ಅಮೆರಿಕದ ವಿಜ್ಞಾನಿಗಳು ಯೀಸ್ಟನ್ನು ಆರಿಸಿಕೊಂಡರು. ಬ್ರೆಡ್ಡನ್ನು ಉಬ್ಬಿಸುವ, ಹಬ್ಬದ ದಿನ ನಮ್ಮ ಮನೆಗಳಲ್ಲಿ ಸನ್ನದ ಹಿಟ್ಟನ್ನು ಹುದುಗಿಸುವ ಅದೇ ಯೀಸ್ಟ್. ಔಷಧ ಒಳಹೋಗುವಂತೆ ಸಿದ್ಧಪಡಿಸಿದ ಯೀಸ್ಟಿಗೆ ಕ್ಯಾಂಪ್ಟೊಥೆಸಿನ್ ಹಾಕಿದಾಗ ಅದು ಸತ್ತಿತು. ಆ ಕಿಣ್ವದ ವಂಶವಾಹಿಯೊಂದನ್ನು ಮಾತ್ರ ತೆಗೆದುಹಾಕಿದ ಯೀಸ್ಟಿಗೆ ಅದೇ ಔಷಧ ಏನೂ ಮಾಡಲಿಲ್ಲ. ಮರುವರ್ಷ ಮನುಷ್ಯನ ವಂಶವಾಹಿಯನ್ನು ಆ ಖಾಲಿ ಸ್ಥಾನಕ್ಕೆ ಒದಗಿಸಿದಾಗ ಯೀಸ್ಟ್ ಪುನಃ ಔಷಧಕ್ಕೆ ತುತ್ತಾಯಿತು. ಗುರಿ ಯಾವುದೆಂಬುದರಲ್ಲಿ ಸಂಶಯ ಉಳಿಯಲಿಲ್ಲ. ಕ್ಯಾಂಪ್ಟೊಥೆಸಿನ್‌ನ ರಚನೆಯನ್ನು ತಿದ್ದಿ ತಯಾರಿಸಿದ ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಔಷಧಗಳಿಗೆ 1996ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅಂಡಾಶಯ ಮತ್ತು ದೊಡ್ಡ ಕರುಳಿನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಅವು ಬಳಕೆಯಲ್ಲಿವೆ.

ಬಟಾಣಿಯಲ್ಲಿ ಮೆಂಡೆಲರು ಎರಡು ಗುಣಗಳನ್ನು ಒಟ್ಟಿಗೆ ಕೂಡಿಸಿಯೂ ನೋಡಿದ್ದರು. ಆ ಪದ್ಧತಿಯೂ ಫಲ ಕೊಟ್ಟಿದೆ. ಒಂದೊಂದಾಗಿ ಇದ್ದರೆ ಜೀವಕ್ಕೆ ಅಪಾಯವಿಲ್ಲದ ಎರಡು ದೋಷಗಳು ಒಟ್ಟಿಗೆ ಬಂದಾಗ ಮಾರಕವಾಗಬಲ್ಲವೆಂದು 1922ರಲ್ಲಿಯೇ ಕ್ಯಾಲ್ವಿನ್ ಬ್ರಿಜಸ್ ಹಣ್ಣಿನ ನೊಣದಲ್ಲಿ ಗಮನಿಸಿದ್ದರು. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಕಾರಣವಾಗಬಲ್ಲ ಬಿಆರ್‌ಸಿಎ ಎಂಬ ವಂಶವಾಹಿಯ ದೋಷವಿರುವ ಗಡ್ಡೆಗಳಲ್ಲಿ ಡಿಎನ್‌ಎ ದುರಸ್ತಿಯ ಒಂದು ದಾರಿ ಮುಚ್ಚಿರುತ್ತದೆ. ಇನ್ನೊಂದು ದಾರಿಯನ್ನು ಔಷಧದಿಂದ ಮುಚ್ಚಿದರೆ ಗಡ್ಡೆಯ ಕೋಶ ಸಾಯುತ್ತದೆ, ಆರೋಗ್ಯವಂತ ಕೋಶ ಬದುಕುತ್ತದೆ. 2014ರಲ್ಲಿ ಅನುಮತಿ ಪಡೆದ ಓಲಾಪರಿಬ್ ಎಂಬ ಮಾತ್ರೆಯ ಮರ್ಮವಿದು.

ಈ ಸಂದರ್ಭದಲ್ಲಿ ಒಂದು ಮಾತನ್ನು ಕುಟುಂಬಗಳ ಹಿತಕ್ಕಾಗಿ ಹೇಳಬೇಕಾಗಿದೆ. ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಬಂದರೆ ಆ ಮನೆತನಕ್ಕೇ ರೋಗವಿದೆಯೆಂದು ಪಿಸುಗುಟ್ಟುವುದು, ಹೆಣ್ಣು ಗಂಡು ಗೊತ್ತುಮಾಡುವಾಗ ಅದನ್ನು ಮುಚ್ಚಿಡುವುದು ನಮ್ಮಲ್ಲಿ ಇಂದಿಗೂ ಇದೆ. ಬಹುಪಾಲು ಕ್ಯಾನ್ಸರುಗಳು ವಂಶಪಾರಂಪರ್ಯವಾಗಿ ಬರುವುದಲ್ಲ. ಹೊಗೆಸೊಪ್ಪಿನಂಥ ಕಾರಣಗಳಿಂದಲೋ ವಯಸ್ಸಿನಿಂದಲೋ ದೇಹದ ಕೋಶಗಳಲ್ಲಿ ಕಾಲಕ್ರಮೇಣ ಆಗುವ ಹಾನಿಯಿಂದ ಬರುವಂಥವು. ಬಿಆರ್‌ಸಿಎ ದೋಷದಂತೆ ವಂಶದಲ್ಲಿ ಸಾಗುವ ಕೆಲವು ಇದ್ದರೂ, ಅದು ಮಗುವಿಗೆ ಬರುವ ಸಂಭವ ಅರ್ಧದಷ್ಟು. ಬಂದವರಿಗೆಲ್ಲ ರೋಗವಾಗುವುದೂ ಇಲ್ಲ. ಮುಚ್ಚಿಟ್ಟರೆ ನಷ್ಟ, ವೈದ್ಯರಿಗೆ ತಿಳಿಸಿದರೆ ಎಚ್ಚರ. ಹಾಗೆಯೇ, ಇಲ್ಲಿ ಹೇಳಿದ ಮರದ ತೊಗಟೆಯನ್ನು ಕುದಿಸಿ ಕುಡಿಯುವ ಸಾಹಸಕ್ಕೆ ಯಾರೂ ಕೈಹಾಕಬಾರದು. ಶುದ್ಧಗೊಳಿಸದ ಆ ವಸ್ತು ವಿಷ. ಅದನ್ನು ಔಷಧವಾಗಿಸಲು ಮೂವತ್ತು ವರ್ಷಗಳ ಪರೀಕ್ಷೆ ಬೇಕಾಯಿತು.

ಮರದ ಕಥೆಗೂ ದುಃಖದ ಒಂದು ಭಾಗವಿದೆ. ಔಷಧಕ್ಕೆ ಬೇಡಿಕೆ ಬಂದಂತೆ ಘಟ್ಟದ ಉದ್ದಕ್ಕೂ ಈ ಮರವನ್ನು ಕಡಿದು ಸಾಗಿಸಲಾಯಿತು, ಸಂತತಿ ಕ್ಷೀಣಿಸಿತು. ಎಲ್ಲ ಮರಗಳಲ್ಲಿಯೂ ಔಷಧದ ಅಂಶ ಒಂದೇ ಪ್ರಮಾಣದಲ್ಲಿರುವುದಿಲ್ಲವೆಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಸಂಶೋಧಕರು ಕಂಡುಕೊಂಡಿದ್ದಾರೆ. ಉತ್ತಮವಾದ ಮರವನ್ನು ಗುರುತಿಸಿ ಅದರ ಸಂತತಿಯನ್ನು ಬೆಳೆಸಿದರೆ ಕಾಡು ಕಡಿಯುವ ಅಗತ್ಯ ತಗ್ಗುತ್ತದೆ. ಬೀಜದ ಗೋಟು ಆರಿಸಿ ಪಳಗಿದ ನಮ್ಮ ಬೆಳೆಗಾರರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೆಂಡೆಲರು ತಮ್ಮ ಕಾಲದಲ್ಲಿ ಯಾರ ಮೆಚ್ಚುಗೆಯನ್ನೂ ಕಾಣದೆ ಹೋದರು. ಪರೀಕ್ಷೆಯಲ್ಲಿ ಎರಡು ಬಾರಿ ಸೋತರು, ರೋಗಿಗಳ ಸೇವೆಯಲ್ಲಿ ಮೊದಲ ವರ್ಷಗಳಲ್ಲಿಯೇ ಸೋತರು. ಆ ಸೋಲನ್ನು ಅಪರಾಧವೆಂದು ಎಣಿಸದೆ ಅವರಿಗೆ ತಕ್ಕ ಕೆಲಸವನ್ನು ಹುಡುಕಿಕೊಟ್ಟ ಮಠಾಧಿಪತಿ ನಾಪ್ ಅವರನ್ನೂ, ತನ್ನ ಪಾಲನ್ನು ಬಿಟ್ಟುಕೊಟ್ಟ ತಂಗಿ ತೆರೇಸಿಯಳನ್ನೂ ನಾವು ನೆನೆಯಬೇಕು. ನಮ್ಮ ಮನೆಗಳಲ್ಲಿಯೂ ಒಂದು ಪರೀಕ್ಷೆಯಲ್ಲಿ ಎಡವಿದ ಮಗನೋ ಮಗಳೋ ಇದ್ದರೆ, ಅವರ ಕೈಗೆ ಹೊಂದುವ ಕೆಲಸ ಯಾವುದೆಂದು ತಾಳ್ಮೆಯಿಂದ ನೋಡುವುದು ತಂದೆತಾಯಿಯ ಕರ್ತವ್ಯ. ಬ್ರನೋ ನಗರದ ಸ್ಮಶಾನದಲ್ಲಿ ಅಗುಸ್ತಿನ್ ಸಭೆಯ ಸಮಾಧಿಯಲ್ಲಿ ಮಲಗಿರುವ ಆ ಗುರುವಿಗೆ ರೋಗಿಯ ಕೈ ಹಿಡಿದು ಕುಳಿತುಕೊಳ್ಳುವ ಧೈರ್ಯ ಬರಲಿಲ್ಲ. ಆದರೆ ಇಂದು ಮಲೆನಾಡಿನಿಂದ ಶಿವಮೊಗ್ಗೆಗೋ ಮಣಿಪಾಲಕ್ಕೋ ಬೆಂಗಳೂರಿಗೋ ಚಿಕಿತ್ಸೆಗೆ ಹೋಗಿ, ಹನಿಹನಿಯಾಗಿ ಇಳಿಯುವ ಔಷಧವನ್ನು ನೋಡುತ್ತ ಮಲಗಿರುವ ರೋಗಿಯ ಬಳಿ, ಅವರು ಎಂಟು ವರ್ಷ ಎಣಿಸಿದ ಬಟಾಣಿಯ ಲೆಕ್ಕ ಜೊತೆಗಿದೆ.